ನಿಮ್ಮ ಲೋಕಸಭೆ ಕ್ಷೇತ್ರದ ಚರಿತ್ರೆ ನೀವೇ ಬರೆಯಿರಿ: ಧಾರವಾಡ, ಹಾವೇರಿ, ಗದಗದವರಿಗೆ

ಧಾರವಾಡ ಲೋಕಸಭೆ ಕ್ಷೇತ್ರದಲ್ಲಿ 1952ರಿಂದ 2024ರವರೆಗೆ 18 ಸಾರ್ವತ್ರಿಕ ಚುನಾವಣೆಗಳು ನಡೆದಿವೆ. ಅಷ್ಟರಲ್ಲಿ ಗೆದ್ದು ದಿಲ್ಲಿಗೆ ಹೋದವರು ಎಷ್ಟು ಜನ ಗೊತ್ತಾ? ಐದೇ ಜನ. ಡಿ.ಪಿ. ಕರಮರಕರ ಎರಡು ಸಲ, ಸರೋಜಿನಿ ಮಹಿಷಿ ನಾಲ್ಕು ಸಲ, ಡಿ.ಕೆ. ನಾಯ್ಕರ ನಾಲ್ಕು ಸಲ, ವಿಜಯ ಸಂಕೇಶ್ವರ ಮೂರು ಸಲ, ಪ್ರಲ್ಹಾದ ಜೋಶಿ ಐದು ಸಲ. ಕೂಡಿಸಿ ನೋಡಿ, ಸರಿಯಾಗಿ 18 ಬರುತ್ತದೆ.

ಪಕ್ಕದ ಧಾರವಾಡ ದಕ್ಷಿಣ, ಅಂದರೆ ಈಗಿನ ಹಾವೇರಿ ಕ್ಷೇತ್ರ ತಗೊಳ್ಳಿ. ಅಲ್ಲೂ 18 ಚುನಾವಣೆ, ಆದರೆ ಗೆದ್ದವರು ಒಂಬತ್ತು ಜನ. 1952 ಮತ್ತು 1957ರಲ್ಲಿ ಟಿ.ಆರ್. ನೇಸ್ವಿ. 1962ರಿಂದ 1980ರವರೆಗೆ ಸತತ ಐದು ಸಲ ಎಫ್.ಎಚ್. ಮೊಹಸಿನ್. 1984ರಲ್ಲಿ ಅಜೀಜ್ ಸೇಠ್. 1989 ಮತ್ತು 1991ರಲ್ಲಿ ಬಿ.ಎಂ. ಮುಜಾಹಿದ್. 1996ರಲ್ಲಿ ಐ.ಜಿ. ಸನದಿ, 1998ರಲ್ಲಿ ಬಿ.ಎಂ. ಮೆಣಸಿನಕಾಯಿ, 1999ರಲ್ಲಿ ಮತ್ತೆ ಸನದಿ, 2004ರಲ್ಲಿ ಮಂಜುನಾಥ ಕುನ್ನೂರ. ಕ್ಷೇತ್ರಕ್ಕೆ ಹಾವೇರಿ ಅಂತ ಹೆಸರು ಬಂದ ಮೇಲೆ 2009, 2014, 2019ರಲ್ಲಿ ಶಿವಕುಮಾರ ಉದಾಸಿ, 2024ರಲ್ಲಿ ಬಸವರಾಜ ಬೊಮ್ಮಾಯಿ.

ಈ ಎರಡು ಪಟ್ಟಿ ಮಾಡೋದು ಒಂದು ಸಂಜೆಯ ಕೆಲಸ. ಬಹಳ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಆದರೆ ಒಂದು ಕಾಲಕ್ಕೆ ಒಂದೇ ಜಿಲ್ಲೆಯಾಗಿದ್ದ ನೆಲದಲ್ಲಿ ಒಂದು ಕಡೆ ಐದು ಜನ, ಇನ್ನೊಂದು ಕಡೆ ಒಂಬತ್ತು ಜನ ಯಾಕೆ ಅಂತ ಪಟ್ಟಿ ಹೇಳೋದಿಲ್ಲ. ಅದನ್ನು ಹುಡುಕಬೇಕು ಅಂದರೆ ಹೇಗೆ ಶುರು ಮಾಡಬೇಕು, ಎಲ್ಲಿ ನೋಡಬೇಕು, ಎಲ್ಲೆಲ್ಲಿ ತಪ್ಪುತ್ತೇವೆ ಅನ್ನೋದನ್ನು ನನ್ನ ಅನುಭವದಿಂದ ಬರೆಯುತ್ತಿದ್ದೇನೆ. ಮಾಸ್ತರರು, ಕಾಲೇಜು ಹುಡುಗರು, ನಿವೃತ್ತರಾಗಿ ಮನೆಯಲ್ಲಿರುವವರು, ಯಾರು ಬೇಕಾದರೂ ಮಾಡಬಹುದು.

ಮೊದಲ ಮಾತು. ಹೆಸರಿನಿಂದ ಶುರು ಮಾಡಬೇಡಿ, ನೆಲದಿಂದ ಶುರು ಮಾಡಿ. ನಿಮ್ಮ ಊರು ಈಗ ಯಾವ ಕ್ಷೇತ್ರದಲ್ಲಿದೆ? ಇದು ಎಲ್ಲರಿಗೂ ಗೊತ್ತು ಅಂದುಕೊಂಡಿರುತ್ತೇವೆ. ಶಿಗ್ಗಾವಿ ಕಡೆಯ ಒಂದು ಶಾಲೆಯಲ್ಲಿ ಮಕ್ಕಳಿಗೆ 'ನಮ್ಮ ಸಂಸದರು' ಅಂತ ಪ್ರಾಜೆಕ್ಟ್ ಕೊಟ್ಟಿದ್ದರು. ನಮ್ಮ ಜಿಲ್ಲೆ ಹಾವೇರಿ, ಹಾಗಾಗಿ ನಮ್ಮ ಸಂಸದರೂ ಹಾವೇರಿಯವರೇ ಅಂತ ಇಡೀ ತರಗತಿ ಬರೆದಿತ್ತು, ಅದಕ್ಕೆ ಮಾರ್ಕ್ಸೂ ಬಿದ್ದಿತ್ತು. ಆದರೆ ಶಿಗ್ಗಾವಿ ವಿಧಾನಸಭಾ ಕ್ಷೇತ್ರ ಸೇರೋದು ಧಾರವಾಡ ಲೋಕಸಭೆಗೆ. ನವಲಗುಂದ, ಕುಂದಗೋಳ, ಧಾರವಾಡ, ಹುಬ್ಬಳ್ಳಿ-ಧಾರವಾಡ ಪೂರ್ವ, ಸೆಂಟ್ರಲ್, ಪಶ್ಚಿಮ, ಕಲಘಟಗಿ, ಇವು ಏಳೂ ಧಾರವಾಡ ಜಿಲ್ಲೆಯವು. ಎಂಟನೆಯದು ಶಿಗ್ಗಾವಿ.

ಗದಗ ಜಿಲ್ಲೆಯವರದು ಇನ್ನೂ ವಿಚಿತ್ರ. ಗದಗ, ರೋಣ, ಶಿರಹಟ್ಟಿ ಮೂರೂ ಹಾವೇರಿ ಲೋಕಸಭೆಗೆ, ಹಾನಗಲ್ಲ, ಹಾವೇರಿ, ಬ್ಯಾಡಗಿ, ಹಿರೇಕೆರೂರ, ರಾಣೆಬೆನ್ನೂರಿನ ಜೊತೆ. ನರಗುಂದ ಮಾತ್ರ ಬಾಗಲಕೋಟೆ ಲೋಕಸಭೆಗೆ. ಅಂದರೆ ಗದಗ ಜಿಲ್ಲೆಗೆ ತನ್ನ ಹೆಸರಿನ ಲೋಕಸಭೆ ಕ್ಷೇತ್ರವೇ ಇಲ್ಲ, ಇರುವ ನಾಲ್ಕು ವಿಧಾನಸಭಾ ಕ್ಷೇತ್ರವೂ ಎರಡು ಕಡೆ ಹರಿದು ಹೋಗಿವೆ. ಇದನ್ನು ಗದಗದವರು ಬರೆದಿಡಲೇಬೇಕು ಅನ್ನೋದು ನನ್ನ ಅನಿಸಿಕೆ. ಬೇರೆಯವರು ಬರೆದರೆ ಗದಗ ಯಾವಾಗಲೂ ಪಕ್ಕದ ಊರಿನ ಕಥೆಯ ಬಾಲವಾಗಿ ಬಿಡುತ್ತದೆ.

ಖಾತ್ರಿ ಮಾಡಿಕೊಳ್ಳೋದು ಸುಲಭ. ನಿಮ್ಮ ಮತಗಟ್ಟೆಯ ಮತದಾರರ ಪಟ್ಟಿ ತೆಗೆಯಿರಿ. ಮೊದಲ ಪುಟದಲ್ಲೇ ವಿಧಾನಸಭಾ ಕ್ಷೇತ್ರದ ಹೆಸರು, ಅದು ಸೇರುವ ಲೋಕಸಭೆ ಕ್ಷೇತ್ರದ ಹೆಸರು ಮತ್ತು ಸಂಖ್ಯೆ ಇರುತ್ತದೆ. ರಾಜ್ಯದ 28ರಲ್ಲಿ ಹಾವೇರಿ 10ನೇದು, ಧಾರವಾಡ 11ನೇದು.

ಈಗ ಹಿಂದಕ್ಕೆ ಹೋಗಿ. ಈಗಿನ ಗಡಿ ಬಂದದ್ದು 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ, 2001ರ ಜನಗಣತಿ ಆಧಾರದ ಮೇಲೆ. ಅದಕ್ಕೂ ಮುಂಚಿನದು 1976ರ ಆದೇಶ, 1971ರ ಜನಗಣತಿಯ ಮೇಲೆ. 2008ರ ಮುಂಚೆ ಇದ್ದ ಮುಂಡರಗಿ ವಿಧಾನಸಭಾ ಕ್ಷೇತ್ರ ಈಗ ಇಲ್ಲ. ಹುಬ್ಬಳ್ಳಿ ಗ್ರಾಮೀಣ ಅಂತ ಒಂದಿತ್ತು, ಅದೂ ಇಲ್ಲ. ಲೋಕಸಭೆ ಮಟ್ಟದಲ್ಲಿ ಧಾರವಾಡ ಉತ್ತರ ಹೋಗಿ ಧಾರವಾಡ ಆಯಿತು, ಧಾರವಾಡ ದಕ್ಷಿಣ ಹೋಗಿ ಹಾವೇರಿ ಆಯಿತು. ಆದರೆ ಬರೀ ಹೆಸರು ಬದಲಾಯಿತು ಅಂತ ತಿಳಿಯಬೇಡಿ, ಒಳಗಿನ ಊರುಗಳೂ ಅದಲುಬದಲಾಗಿವೆ. 2004ರಲ್ಲಿ ಕುನ್ನೂರ ಗೆದ್ದ ಕ್ಷೇತ್ರವೂ 2009ರಲ್ಲಿ ಉದಾಸಿ ಗೆದ್ದ ಕ್ಷೇತ್ರವೂ ಒಂದೇ ಅಂದುಕೊಂಡು ಮತ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ನಾನು ಮಾಡೋದು ಹೀಗೆ. ಒಂದು ನೋಟ್‌ಬುಕ್‌ನಲ್ಲಿ ಊರಿನ ಹೆಸರು ಮೇಲೆ ಬರೆದು, ಕೆಳಗೆ ಒಂದೊಂದು ಚುನಾವಣೆಗೆ ಒಂದೊಂದು ಸಾಲು. ವರ್ಷ, ಆಗಿನ ರಾಜ್ಯ, ಆಗಿನ ಜಿಲ್ಲೆ, ಲೋಕಸಭೆ ಕ್ಷೇತ್ರದ ಹೆಸರು, ಗೆದ್ದವರು, ಎರಡನೇ ಸ್ಥಾನ. ರಾಜ್ಯ ಯಾಕೆ ಬರೆಯಬೇಕು ಅಂತೀರಾ? 1952ರಲ್ಲಿ ಧಾರವಾಡ ಇದ್ದದ್ದು ಮುಂಬೈ ರಾಜ್ಯದಲ್ಲಿ. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಬಂತು. ಆ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರಲ್ಲಿ. ಹಾಗಾಗಿ ಮೊದಲ ಚುನಾವಣೆಯ ಫಲಿತಾಂಶ ಬೇಕಾದರೆ ಮುಂಬೈ ಪುಟಗಳಲ್ಲಿ ಹುಡುಕಬೇಕು, 1957ರಿಂದ 1971ರವರೆಗಿನದು ಮೈಸೂರು ಪುಟಗಳಲ್ಲಿ. ಕರ್ನಾಟಕದಲ್ಲೇ ಹುಡುಕಿ 'ದಾಖಲೆ ಸಿಗಲಿಲ್ಲ' ಅಂತ ಕೈಬಿಟ್ಟವರನ್ನು ನೋಡಿದ್ದೇನೆ. ಜಿಲ್ಲೆಯೂ ಅಷ್ಟೇ, ಗದಗ ಮತ್ತು ಹಾವೇರಿ ಬೇರೆ ಜಿಲ್ಲೆಗಳಾದದ್ದು 1997ರಲ್ಲಿ.

ಇನ್ನೊಂದು ಸಣ್ಣ ವಿಷಯ, ಆದರೆ ಸಮಯ ಬಹಳ ಉಳಿಸುತ್ತದೆ. ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ಧಾರವಾಡದ ಕೊನೆಯ ಅಕ್ಷರ 'ಡಿ' ಇರೋದಿಲ್ಲ, 'ಆರ್' ಇರುತ್ತದೆ. ಹುಬ್ಬಳ್ಳಿಯನ್ನು 'ಹುಬ್ಳಿ' ಅಂತ ಬರೆದಿರುತ್ತಾರೆ, ಇಂಗ್ಲಿಷಿನಲ್ಲಿ ಅದು ಬದಲಾದದ್ದು 2014ರ ನವೆಂಬರ್ 1ಕ್ಕೆ. ಎರಡೂ ಕಾಗುಣಿತದಲ್ಲಿ ಹುಡುಕಿ.

ಊರು ಇನ್ನೂ ಹಿಂದಕ್ಕೆ ಎಳೆದರೆ ಸಂಸ್ಥಾನಗಳ ಕಥೆ ಸಿಗುತ್ತದೆ. ಕುಂದಗೋಳ ಜಮಖಂಡಿ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿಯದು, ಲಕ್ಷ್ಮೇಶ್ವರ ಮೀರಜದ್ದು, ಸವಣೂರಿಗೆ ನವಾಬರು. ಇವೆಲ್ಲ 1948ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿದವು. ಹುಬ್ಬಳ್ಳಿಯಲ್ಲಿ ಬ್ರಿಟಿಷರ ಕಾಲದಲ್ಲೇ ಆಸ್ತಿ ಇದ್ದವರು, ಓದಿದವರು ಅಂತ ಕೆಲವರಾದರೂ ಮುಂಬೈ ಶಾಸನಸಭೆಗೆ ಮತ ಹಾಕಿದ್ದರು. ಹತ್ತಿಪ್ಪತ್ತು ಕಿಲೋಮೀಟರ್ ದೂರದ ಕುಂದಗೋಳದವರಿಗೆ ಅದು ಇರಲಿಲ್ಲ. ಸಂಸ್ಥಾನದ ಹೊರಗಿನ ಸಭೆಗೆ ಅವರು ಮತ ಹಾಕಿದ್ದು 1952ರಲ್ಲೇ ಮೊದಲು. ಇಂಥ ಒಂದು ಸಾಲು ನಿಮ್ಮ ಬರಹದಲ್ಲಿ ಬಂದರೆ ಓದುವವರಿಗೆ ನೆಲದ ವಾಸನೆ ಸಿಗುತ್ತದೆ.

ಅಂಕಿ ಎಲ್ಲಿ ಸಿಗುತ್ತವೆ? ಚುನಾವಣಾ ಆಯೋಗದ ವೆಬ್‌ಸೈಟಿನಲ್ಲಿ 1951-52ರಿಂದ ಇಲ್ಲಿಯವರೆಗಿನ ಅಂಕಿಅಂಶ ವರದಿಗಳು ಇವೆ. ಒಟ್ಟು ಮತದಾರರು, ಚಲಾವಣೆಯಾದ ಮತ, ಪ್ರತಿ ಅಭ್ಯರ್ಥಿಯ ಮತ, ಪಕ್ಷ ಎಲ್ಲ ಇರುತ್ತದೆ. ಇತ್ತೀಚಿನ ಚುನಾವಣೆಗಳಿಗೆ ಮತಗಟ್ಟೆವಾರು ಫಲಿತಾಂಶವೂ ಸಿಗುತ್ತದೆ, ಅದಕ್ಕೆ 'ಫಾರಂ 20' ಅಂತಾರೆ. ನಿಮ್ಮ ಊರಿನ ಬೂತ್‌ನಲ್ಲಿ ಯಾರಿಗೆ ಎಷ್ಟು ಬಿದ್ದಿತ್ತು ಅಂತ ಅಲ್ಲಿ ನೋಡಬಹುದು.

ಅಂಕಿ ಓದುವಾಗ ಎರಡು ಎಚ್ಚರ. ಬರೀ ಮತಗಳ ಸಂಖ್ಯೆ ಹೋಲಿಸಬೇಡಿ, ಶೇಕಡಾವಾರು ತೆಗೆಯಿರಿ. 1952ರಲ್ಲಿ ಇದ್ದ ಮತದಾರರೆಷ್ಟು, ಈಗ ಎಷ್ಟು! ಅದೂ ಅಲ್ಲದೆ 1989ರಿಂದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು, ಒಮ್ಮೆಲೇ ಹೊಸ ಮತದಾರರು ಸೇರಿದರು. ಎರಡನೆಯದು, ಗೆಲುವಿನ ಅಂತರ ತಪ್ಪದೇ ಬರೆಯಿರಿ. ಧಾರವಾಡದಲ್ಲಿ 2019ರಲ್ಲಿ ಜೋಶಿಯವರು ಗೆದ್ದ ಅಂತರ 2,05,072. 2024ರಲ್ಲಿ 97,324. ಗೆದ್ದವರು ಅವರೇ, ಪಕ್ಷ ಅದೇ, ಆದರೆ ಐದು ವರ್ಷದಲ್ಲಿ ಅಂತರ ಅರ್ಧಕ್ಕಿಂತ ಕೆಳಗೆ ಬಂತು. ಪಟ್ಟಿ ಮಾತ್ರ ನೋಡಿದವರಿಗೆ ಇದು ಕಾಣೋದೇ ಇಲ್ಲ. ಸೋತವರ ಹೆಸರೂ ಬರೆಯಿರಿ ಅನ್ನೋದು ಇದಕ್ಕೇ. ಅವರಿಗೂ ಲಕ್ಷಗಟ್ಟಲೆ ಜನ ಮತ ಹಾಕಿರುತ್ತಾರೆ ಅಲ್ವಾ.

ಈಗ ನನಗೆ ಬಹಳ ಇಷ್ಟವಾದ ಕೆಲಸಕ್ಕೆ ಬರುತ್ತೇನೆ, ಹಿರಿಯರನ್ನು ಮಾತಾಡಿಸೋದು. ಇದನ್ನು ಮುಂದಕ್ಕೆ ಹಾಕಬೇಡಿ. ದಾಖಲೆ ಮುಂದಿನ ವರ್ಷವೂ ಇರುತ್ತದೆ, 1957ರಲ್ಲಿ ಮತ ಹಾಕಿದ ಅಜ್ಜಿ ಇರೋದಿಲ್ಲ. 'ನೀವು ಯಾವ ವರ್ಷ ಯಾರಿಗೆ ಮತ ಹಾಕಿದಿರಿ' ಅಂತ ನೇರವಾಗಿ ಕೇಳಿದರೆ ಏನೂ ಸಿಗೋದಿಲ್ಲ. ಇಸವಿ ಯಾರಿಗೂ ನೆನಪಿರೋದಿಲ್ಲ, ಯಾರಿಗೆ ಹಾಕಿದರು ಅಂತ ಹೇಳಲು ಮನಸ್ಸೂ ಇರೋದಿಲ್ಲ, ಕೇಳಲೂಬಾರದು. ಗುರುತು ಕೇಳಿ. 'ಆಗ ಕಾಂಗ್ರೆಸ್ಸಿನ ಗುರುತು ಏನಿತ್ತು?' ಅಂತ ಕೇಳಿದರೆ ಮಾತು ತಾನಾಗಿ ಬರುತ್ತದೆ. 'ಜೋಡೆತ್ತು' ಅಂದರೆ ಅದು 1952ರಿಂದ 1967ರ ನಡುವಿನ ಚುನಾವಣೆ. 'ಆಕಳು ಕರು' ಅಂದರೆ 1971 ಅಥವಾ 1977. 'ಕೈ' ಅಂದರೆ 1980ರಿಂದ ಈಚೆಗೆ. 'ದೀಪ' ಅಂದರೆ ಜನಸಂಘದ ಕಾಲ. 'ನೇಗಿಲು ಹೊತ್ತ ರೈತ' ಅಂದರೆ ಜನತಾ ಪಕ್ಷ, 'ಚಕ್ರ' ಅಂದರೆ ಜನತಾ ದಳ. ಹೀಗೆ ಗುರುತಿನಿಂದ ವರ್ಷ ಹಿಡಿಯಬಹುದು.

ಮತ ಹಾಕಿದ ರೀತಿಯೂ ವರ್ಷ ಹೇಳುತ್ತದೆ. 1952ರಲ್ಲಿ, 1957ರಲ್ಲಿ ಪ್ರತಿ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ, ಮೇಲೆ ಗುರುತು ಅಂಟಿಸಿರುತ್ತಿದ್ದರು. ಚೀಟಿಯನ್ನು ಬೇಕಾದವರ ಪೆಟ್ಟಿಗೆಯಲ್ಲಿ ಹಾಕಬೇಕಿತ್ತು. ಆಮೇಲೆ ಹೆಸರು ಮತ್ತು ಗುರುತು ಇರುವ ಒಂದೇ ಚೀಟಿ, ಅದರ ಮೇಲೆ ಶಿಕ್ಕಾ ಹೊಡೆದು ಮಡಚಿ ಹಾಕೋದು ಬಂತು. 2004ರ ಲೋಕಸಭೆ ಚುನಾವಣೆ ಪೂರ್ತಿ ಮಷಿನ್‌ನಲ್ಲಿ ನಡೆಯಿತು. ನನಗೆ ಒಬ್ಬ ಅಜ್ಜಿ 'ನಾಲ್ಕು ಡಬ್ಬಿ ಇಟ್ಟಿದ್ದರು, ಎತ್ತಿನ ಚಿತ್ರ ಇದ್ದ ಡಬ್ಬಿಗೆ ಕುಂಕುಮ ಹಚ್ಚಿ ಕೈಮುಗಿದೆ' ಅಂದರು. ಅದು ಯಾವ ಕಾಲದ್ದು ಅಂತ ನಾನು ಮತ್ತೆ ಕೇಳಬೇಕಾಗಲಿಲ್ಲ.

ಹಿರಿಯರ ಮಾತಿನಲ್ಲಿ ಒಂದು ಗೊಂದಲ ಮಾತ್ರ ಪದೇ ಪದೇ ಬರುತ್ತದೆ. ಎಂಎಲ್‌ಎ ಮತ್ತು ಎಂಪಿ ಬೆರೆತು ಹೋಗಿರುತ್ತಾರೆ. ಅವರ ತಪ್ಪಲ್ಲ. 1952ರಿಂದ 1967ರವರೆಗೆ ಎರಡೂ ಚುನಾವಣೆ ಒಟ್ಟಿಗೇ ನಡೆದವು, ಆಮೇಲೂ 1989, 1999, 2004ರಲ್ಲಿ ನಮ್ಮಲ್ಲಿ ಒಟ್ಟಿಗೇ ಆಗಿವೆ. ಹಾಗಾಗಿ ಅವರು ಹೇಳಿದ ಹೆಸರನ್ನು ಎರಡೂ ಪಟ್ಟಿಯಲ್ಲಿ ನೋಡಿ.

ಇದೇ ಕಾರಣಕ್ಕೆ ರಾಜ್ಯದ ಗಾಳಿಯನ್ನು ಲೋಕಸಭೆಗೆ ಹಚ್ಚಬಾರದು. 1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ರೈತರ ಬಂಡಾಯ ಆಯಿತು, ಗೋಲಿಬಾರ್ ಆಯಿತು. ರಾಜ್ಯದಲ್ಲಿದ್ದ ಗುಂಡೂರಾವ್ ಅವರ ಕಾಂಗ್ರೆಸ್ ಸರ್ಕಾರ 1983ರಲ್ಲಿ ಸೋತಿತು. ಇಷ್ಟು ಓದಿದವರು 'ಹಾಗಾದರೆ ಇಲ್ಲಿನ ಕಾಂಗ್ರೆಸ್ ಸಂಸದರೂ ಸೋತಿರಬೇಕು' ಅಂತ ಬರೆದುಬಿಡುತ್ತಾರೆ. ಆದರೆ 1984ರ ಡಿಸೆಂಬರ್‌ನಲ್ಲಿ, ಇಂದಿರಾ ಗಾಂಧಿ ಹತ್ಯೆಯ ನಂತರ, ರಾಜ್ಯದ 28ರಲ್ಲಿ 24 ಸ್ಥಾನ ಕಾಂಗ್ರೆಸ್ಸಿಗೇ ಹೋದವು, ನಾಯ್ಕರ ಮತ್ತೆ ಗೆದ್ದರು. ಕೆಲವೇ ತಿಂಗಳಿಗೆ 1985ರ ವಿಧಾನಸಭೆಯಲ್ಲಿ ಅದೇ ಜನ ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. 1977ರಲ್ಲೂ ಹಾಗೇ, ದೇಶದಲ್ಲಿ ಕಾಂಗ್ರೆಸ್ ಸೋತರೂ ಕರ್ನಾಟಕದಲ್ಲಿ 28ರಲ್ಲಿ 26 ಗೆದ್ದಿತು, ಮಹಿಷಿಯವರೂ ಮೊಹಸಿನ್ ಅವರೂ ಗೆದ್ದರು. ನಮ್ಮ ಮತದಾರರು ಬೆಂಗಳೂರಿಗೆ ಬೇರೆ, ದಿಲ್ಲಿಗೆ ಬೇರೆ ಲೆಕ್ಕ ಹಾಕುತ್ತಾರೆ. ಈ ಜಾಣತನವನ್ನು ನಿಮ್ಮ ಬರಹ ತೋರಿಸಬೇಕು.

ಪಕ್ಷಗಳ ಹೆಸರಿನ ಬಗ್ಗೆ ಜಾಸ್ತಿ ಹೇಳೋದಿಲ್ಲ. 1998ರಲ್ಲಿ ಮೆಣಸಿನಕಾಯಿಯವರು ಗೆದ್ದದ್ದು ರಾಮಕೃಷ್ಣ ಹೆಗಡೆಯವರ ಲೋಕಶಕ್ತಿಯಿಂದ. ಆ ಪಕ್ಷ ಆಗ ಬಿಜೆಪಿ ಜೊತೆ ಮೈತ್ರಿ ಮಾಡಿಕೊಂಡಿತ್ತು. ಪಕ್ಷದ ಹೆಸರಿನ ಪಕ್ಕ ಆ ವರ್ಷದ ಮೈತ್ರಿಯನ್ನೂ ಬರೆದರೆ ಸಾಕು.

ಸಂಸದರು ದಿಲ್ಲಿಯಲ್ಲಿ ಏನು ಮಾಡಿದರು ಅಂತ ನೋಡಲು ಸಂಸತ್ತಿನ ಡಿಜಿಟಲ್ ಗ್ರಂಥಾಲಯ ಇದೆ. ಮೊದಲ ಲೋಕಸಭೆಯಿಂದ ಚರ್ಚೆಗಳು, ಪ್ರಶ್ನೋತ್ತರ ಅಲ್ಲಿ ಸಿಗುತ್ತವೆ. ಆದರೆ ಪ್ರಶ್ನೆಗಳ ಸಂಖ್ಯೆ ಎಣಿಸಿ 'ಇವರು ಬಾಯಿ ಬಿಡಲಿಲ್ಲ' ಅಂತ ತೀರ್ಪು ಕೊಡಬೇಡಿ. ಮಂತ್ರಿಯಾದವರು ಪ್ರಶ್ನೆ ಕೇಳೋದಿಲ್ಲ, ಉತ್ತರ ಕೊಡುತ್ತಾರೆ. ಕರಮರಕರ 1957ರ ನಂತರ ಆರೋಗ್ಯ ಖಾತೆ ನೋಡಿಕೊಂಡರು. ಮೊಹಸಿನ್ ಇಂದಿರಾ ಗಾಂಧಿ ಸಂಪುಟದಲ್ಲಿ ಗೃಹ ಖಾತೆಯ ಉಪಮಂತ್ರಿ. ಜೋಶಿ 2019ರಿಂದ ಮಂತ್ರಿ. ಇವರ ಮಾತು ಹುಡುಕಬೇಕಾದರೆ ಉತ್ತರಗಳಲ್ಲಿ ಹುಡುಕಿ. ಜೊತೆಗೆ ಹೆಸರಿನ ಬದಲು ವಿಷಯ ಹಾಕಿ ಹುಡುಕಿದರೆ ಒಳ್ಳೆಯದು. 'ಮಹದಾಯಿ', 'ಮಲಪ್ರಭಾ', 'ಹುಬ್ಬಳ್ಳಿ ರೈಲ್ವೆ' ಅಂತ ಹಾಕಿ ನೋಡಿ, ಇಲ್ಲಿಯ ವಿಷಯವನ್ನು ಬೇರೆ ಕ್ಷೇತ್ರದವರು ಎತ್ತಿದ್ದೂ ಕಾಣುತ್ತದೆ.

ಯಾವ ಕೆಲಸದ ಹೆಸರು ಯಾರಿಗೆ ಸೇರಬೇಕು ಅನ್ನೋದರಲ್ಲೂ ದಿನಾಂಕ ನೋಡಿ. ಸರೋಜಿನಿ ಮಹಿಷಿ ಅಂದ ಕೂಡಲೇ ಎಲ್ಲರೂ ಮಹಿಷಿ ವರದಿ ಅಂತಾರೆ, ಕನ್ನಡಿಗರಿಗೆ ಉದ್ಯೋಗ ಸಿಗಬೇಕು ಅಂತ ಹೇಳಿದ ವರದಿ. ಆದರೆ ಆ ಸಮಿತಿ ಆದದ್ದು 1983ರಲ್ಲಿ, ರಾಜ್ಯ ಸರ್ಕಾರದಿಂದ. ಅವರ ಲೋಕಸಭೆ ಅವಧಿ ಅದಕ್ಕೂ ಮುಂಚೆಯೇ ಮುಗಿದಿತ್ತು. ಆ ಕೆಲಸದ ಬೆಲೆ ಇದರಿಂದ ಕಡಿಮೆ ಆಗೋದಿಲ್ಲ, ಕ್ಷೇತ್ರದ ಖಾತೆಗೆ ಹಾಕಬೇಡಿ ಅಷ್ಟೇ. ಹಾಗೆಯೇ ನೈರುತ್ಯ ರೈಲ್ವೆ ವಲಯ ಹುಬ್ಬಳ್ಳಿಯಲ್ಲಿ ಶುರುವಾದದ್ದು 2003ರ ಏಪ್ರಿಲ್ 1ಕ್ಕೆ. ಅದು ತಮ್ಮಿಂದಲೇ ಬಂತು ಅನ್ನುವವರು ಊರಲ್ಲಿ ಬಹಳ ಜನ ಸಿಗುತ್ತಾರೆ. ಬೇಡಿಕೆ ಯಾವಾಗ ಎದ್ದಿತು, ಆದೇಶ ಯಾವಾಗ ಬಂತು, ಆಗ ಯಾರು ಎಲ್ಲಿದ್ದರು ಅಂತ ಮೂರು ಸಾಲು ಬರೆದುಕೊಳ್ಳಿ, ಅರ್ಧ ಮಾತು ಅಲ್ಲೇ ಬಿದ್ದು ಹೋಗುತ್ತವೆ.

ಸಂಸದರ ನಿಧಿ ಶುರುವಾದದ್ದು 1993ರ ಡಿಸೆಂಬರ್‌ನಲ್ಲಿ. 2011-12ರಿಂದ ವರ್ಷಕ್ಕೆ 5 ಕೋಟಿ. ನಿಮ್ಮ ಊರಲ್ಲಿ ಏನು ಕಟ್ಟಿದರು ಅಂತ ತಿಳಿಯಲು ಡಿಸಿ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಕೊಡಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಇದೆ. ಹಾಗಾಗಿ ಒಂದು ವರ್ಷ, ಒಂದು ತಾಲ್ಲೂಕು ಅಂತ ಸಣ್ಣದಾಗಿ ಕೇಳಿ.

ಹಳೆಯ ಪತ್ರಿಕೆಗಳಿಗೆ ಸಂಯುಕ್ತ ಕರ್ನಾಟಕ, ಪ್ರಜಾವಾಣಿಯ ಹಳೆಯ ಸಂಪುಟಗಳನ್ನು ದೊಡ್ಡ ಗ್ರಂಥಾಲಯಗಳಲ್ಲಿ ಕೇಳಿ. ಫಲಿತಾಂಶದ ಮರುದಿನದ ಪತ್ರಿಕೆ ಮಾತ್ರ ನೋಡಬೇಡಿ, ನಾಮಪತ್ರ ಹಾಕಿದ ವಾರದ್ದೂ ನೋಡಿ. ಟಿಕೆಟ್ ಯಾರಿಗೆ ತಪ್ಪಿತು ಅನ್ನೋದು ಅಲ್ಲಿರುತ್ತದೆ. ನಾನು ಒಂದು ಕಡೆ ಮೂರು ದಿನ ಹೋಗಿ ಬಂದೆ. ನನಗೆ ಬೇಕಾಗಿದ್ದ ಪುಟವನ್ನೇ ಯಾರೋ ಬ್ಲೇಡಿನಿಂದ ಕತ್ತರಿಸಿಕೊಂಡು ಹೋಗಿದ್ದರು. ಬಹಳ ನೋವಾಯಿತು. ದಯವಿಟ್ಟು ಫೋಟೊ ತಗೊಳ್ಳಿ, ಕಾಗದ ಮುಟ್ಟಬೇಡಿ. ಧಾರವಾಡ ಜಿಲ್ಲೆಯ 1959ರ ಗ್ಯಾಸೆಟಿಯರ್ ಸಿಕ್ಕರೆ ಅದನ್ನೂ ಓದಿ, ಆಗಿನ ತಾಲ್ಲೂಕುಗಳ ಚಿತ್ರ ಸಿಗುತ್ತದೆ.

ಇಷ್ಟೆಲ್ಲ ಸೇರಿಸಿದ ಮೇಲೆ ಮೊದಲಿನ ಪ್ರಶ್ನೆಗೆ ವಾಪಸ್ ಬನ್ನಿ. ಧಾರವಾಡ ದಕ್ಷಿಣದ ಪಟ್ಟಿಯಲ್ಲಿ 1962ರಿಂದ 1999ರವರೆಗೆ 11 ಚುನಾವಣೆ, ಅದರಲ್ಲಿ 10 ಸಲ ಗೆದ್ದವರು ಮುಸ್ಲಿಂ ಸಮುದಾಯದವರು. 2004ರಿಂದ ಒಮ್ಮೆಯೂ ಇಲ್ಲ. ಧಾರವಾಡ ಉತ್ತರದಲ್ಲಿ, ಅಂದರೆ ಈಗಿನ ಧಾರವಾಡ ಕ್ಷೇತ್ರದಲ್ಲಿ, 1991ರವರೆಗೆ ಕಾಂಗ್ರೆಸ್ ಒಂದೇ, 1996ರಿಂದ ಬಿಜೆಪಿ ಒಂದೇ. ಇದಕ್ಕೆ ಹುಬ್ಬಳ್ಳಿಯ ಯಾವುದೇ ಚಹಾದ ಅಂಗಡಿಯಲ್ಲಿ ಎರಡು ನಿಮಿಷದಲ್ಲಿ ಕಾರಣ ಕೊಡುತ್ತಾರೆ. ಒಬ್ಬರು ಹುಬ್ಬಳ್ಳಿಯ ಈದ್ಗಾ ಮೈದಾನದಲ್ಲಿ ಧ್ವಜ ಹಾರಿಸೋದರ ಗಲಾಟೆ ಅಂತಾರೆ, ಇನ್ನೊಬ್ಬರು ಜನತಾ ದಳ ಒಡೆದದ್ದು ಅಂತಾರೆ, ಮತ್ತೊಬ್ಬರು ಅಭ್ಯರ್ಥಿ ಅಂತಾರೆ. ಎಲ್ಲವನ್ನೂ ಬರೆದುಕೊಳ್ಳಿ. ಆಮೇಲೆ ಒಂದೊಂದನ್ನೂ ಅಂಕಿಯ ಮುಂದೆ ಇಡಿ. ಗೆದ್ದವರ ಮತ ಏರಿತಾ, ಸೋತವರ ಮತ ಇಬ್ಬರಿಗೆ ಹಂಚಿ ಹೋಯಿತಾ, ನಗರದಲ್ಲಿ ಬದಲಾದದ್ದು ಹಳ್ಳಿಯಲ್ಲೂ ಬದಲಾಯಿತಾ? ಅಂಕಿ ಒಪ್ಪದ ಕಾರಣವನ್ನು 'ಜನ ಹೀಗೆ ಹೇಳುತ್ತಾರೆ' ಅಂತಲೇ ಬರೆಯಿರಿ, ನಿಮ್ಮ ಮಾತಾಗಿ ಬರೆಯಬೇಡಿ. ಸಮುದಾಯದ ವಿಷಯ ಬಂದಾಗ ಇದು ಎರಡು ಪಟ್ಟು ಮುಖ್ಯ. ಒಂದು ತಪ್ಪು ಸಾಲು ಊರಲ್ಲಿ ಬಹಳ ದಿನ ಓಡಾಡುತ್ತದೆ.

ಒಂದು ಕೆಲಸ ಮಾತ್ರ ಈ ವಾರವೇ ಮಾಡಿ. ಲೋಕಸಭೆ ಸ್ಥಾನಗಳ ಹಂಚಿಕೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಹಾಗೇ ಇಡಬೇಕು ಅಂತ 2001ರ 84ನೇ ತಿದ್ದುಪಡಿ ಹೇಳಿತ್ತು. ಆ ಜನಗಣತಿ ಮುಗಿದು ಮತ್ತೆ ಮರುವಿಂಗಡಣೆ ಆದರೆ ಗಡಿಗಳು ಮತ್ತೆ ಬದಲಾಗಬಹುದು. ಶಿಗ್ಗಾವಿ ಎಲ್ಲಿಗೆ ಹೋಗುತ್ತದೋ, ನರಗುಂದ ಎಲ್ಲಿಗೆ ಬರುತ್ತದೋ. ಅದಕ್ಕೇ ಈಗಿನ ಕ್ಷೇತ್ರದ ನಕ್ಷೆ, ನಿಮ್ಮ ಊರಿನ ಮತಗಟ್ಟೆಗಳ ಪಟ್ಟಿ, 2024ರ ಫಾರಂ 20, ಇವು ಮೂರನ್ನೂ ಇಳಿಸಿಕೊಂಡು ಒಂದು ಪ್ರತಿ ಪ್ರಿಂಟ್ ಹಾಕಿಸಿ. ಮೇಲೆ ದಿನಾಂಕ ಬರೆದು ಊರಿನ ಗ್ರಂಥಾಲಯಕ್ಕೆ ಕೊಡಿ, ಇನ್ನೊಂದು ಪ್ರತಿ ನಿಮ್ಮ ನೋಟ್‌ಬುಕ್‌ಗೆ ಅಂಟಿಸಿ.